ನಮ್ಮ ಭಾವ ಮತ್ತು ಬಾಯಿ ಬಿಟ್ಟ ವೈರು

ನನ್ನ ಭಾವ ಲೀಲ್ಯಾಂಡ್ ಆಮೊಟ್ ಒಳ್ಳೆಯವನಾಗಿದ್ದ. ನನ್ನ ಬದುಕಿನ ದೊಡ್ಡ ಕಷ್ಟವೇ ಅದು. ಕುಡುಕನೋ ಜಿಪುಣನೋ ಆಗಿದ್ದಿದ್ದರೆ, ಏನು ಮಾಡೋದು ಅಕ್ಕನ ಗಂಡ ಅಂತ ಸಹಿಸಿಕೊಂಡು ಹಾಯಾಗಿರುತ್ತಿದ್ದೆ. ಊರೆಲ್ಲ ಹೊಗಳುವವನಿಗೆ ನಾದಿನಿಯಾಗಿ ಬಾಳುವುದಿದೆಯಲ್ಲ, ಆ ಉರಿ ಅನುಭವಿಸಿದವರಿಗೇ ಗೊತ್ತು. ಹೋದ ಮಾರ್ಚಿನಲ್ಲಿ ತೀರಿಕೊಂಡ. ಅಕ್ಕ ಸಿಗ್ನೆ ಅವನಿಗಿಂತ ಮೊದಲೇ ಹೋದಳು, ಅಮ್ಮ ಅವಳಿಗಿಂತ ಮೊದಲು. ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ. ಇನ್ನು ನಾನು ಬಾಯಿಬಿಟ್ಟರೆ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಎದುರಿಗಿದ್ದಾಗ ಮರ್ಯಾದೆಯಿಂದ ‘ನೀವು’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಯಾವಾಗಲೂ ‘ಅವನು’. ಇಲ್ಲಿ ಮನಸ್ಸಿನಲ್ಲಿದ್ದ ಹಾಗೇ ಹೇಳುತ್ತೇನೆ.

ರೆಡ್ ರಿವರ್ ಬಯಲಿನಲ್ಲಿ ಸಕ್ಕರೆ ತೆಗೆಯುವ ಬೀಟ್ ಗಡ್ಡೆ ಬೆಳೆಯುವವರ ಮನೆಯಲ್ಲಿ ಹುಟ್ಟಿದವನು. ಅಣ್ಣಂದಿರು ಬಹಳ ಜನ, ಜಮೀನು ಅವರಿಗೇ ಸಾಲಲಿಲ್ಲ. ಇವನು ನೌಕಾಪಡೆಗೆ ಸೇರಿ ಹಡಗಿನಲ್ಲಿ ರೇಡಿಯೋ ವೈರು ಕಟ್ಟುವ ಕೆಲಸ ಕಲಿತ. ವಾಪಸು ಬಂದವನು ನಮ್ಮೂರ ಸಕ್ಕರೆ ಕಾರ್ಖಾನೆಯ ಮೀಟರ್ ಶಾಪಿಗೆ, ಅಂದರೆ ಮೀಟರು ದುರಸ್ತಿ ಮಾಡುವ ವಿಭಾಗಕ್ಕೆ ಸೇರಿದ, ಸಿಗ್ನೆಯನ್ನು ಮದುವೆಯಾದ. ಹಡಗಿನಿಂದ ತಂದಿದ್ದು ಒಂದೇ ಆಸ್ತಿ, ಮೇಣ ಹಚ್ಚಿದ ದಾರ. ವೈರುಗಳನ್ನು ಅದರಲ್ಲಿ ಸೇರಿಸಿ ಒಂದು ಗಂಟು ಹಾಕುತ್ತಿದ್ದ, ನೋಡಬೇಕು ನೀವು, ಹೆಂಗಸರ ಜಡೆ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಗಳು ಬಂದು ಎಷ್ಟೋ ವರ್ಷವಾದರೂ ಅವನು ದಾರ ಬಿಡಲಿಲ್ಲ. ಬಾಯ್ಲರ್ ಮನೆಯಿಂದ ಸುಣ್ಣದ ಗೂಡಿನವರೆಗೆ ಎಲ್ಲಿ ಪೆಟ್ಟಿಗೆ ತೆಗೆದರೂ ಆ ಗಂಟೇ. ನಾನೂ ಕದ್ದುಮುಚ್ಚಿ ಹಾಕಿ ನೋಡಿದೆ. ಜಾರಿಹೋಯಿತು.

ಹಾಲಿನ ಡೇರಿ ಮುಚ್ಚಿ ನಾನು ಕೆಲಸ ಕಳೆದುಕೊಂಡಾಗ ನನ್ನನ್ನು ಅದೇ ಶಾಪಿಗೆ ಸೇರಿಸಿದವನೂ ಅವನೇ. ಅದನ್ನು ಅಮ್ಮ ನೆನಪಿಸದ ಭಾನುವಾರವಿರಲಿಲ್ಲ. ಚಳಿಗಾಲದಲ್ಲಿ ಯಾರ ಕಾರು ಹೆಪ್ಪುಗಟ್ಟಿದರೂ ಲೀಲ್ಯಾಂಡ್ ಬರುತ್ತಿದ್ದ. ಚರ್ಚಿನ ಮೈಕು ಕಿರುಚಿದರೆ ಲೀಲ್ಯಾಂಡ್. ಯಾರದೋ ಅಜ್ಜಿಯ ಕಿವಿಯ ಯಂತ್ರ ಕೆಟ್ಟರೂ ಲೀಲ್ಯಾಂಡ್. ಕಾಸು ಕೇಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದ. ಜನ ಅವನ ಮನೆಗೆ ರೂಬಾರ್ಬ್ ಪೈ ಬೇಯಿಸಿ ಹೊತ್ತುಕೊಂಡು ಹೋಗುತ್ತಿದ್ದರು. ನಾನೂ ಕಾರು ಎಬ್ಬಿಸಿದ್ದೇನೆ, ನಾನೂ ಮೈಕು ಸರಿಮಾಡಿದ್ದೇನೆ. ನನಗೆ ಸಿಕ್ಕಿದ್ದು, ‘ಓ, ಲೀಲ್ಯಾಂಡ್ ಕಳಿಸಿದ್ನಾ?’ ಅನ್ನುವ ಮಾತು.

ಕಾರ್ಖಾನೆಯಲ್ಲೂ ಅಷ್ಟೆ. ನನ್ನ ಹೆಸರು ಮಾರ್ಲಿಸ್. ಯಾರಿಗಾದರೂ ನೆನಪಿತ್ತೇ? ‘ಲೀಲ್ಯಾಂಡ್ ನಾದಿನೀನ ಕರೀರಿ’ ಅನ್ನುತ್ತಿದ್ದರು. ಅಮ್ಮ ಅಂತೂ ಹೆತ್ತದ್ದು ನನ್ನನ್ನ, ಮೆಚ್ಚಿದ್ದು ಅವನನ್ನ.

ಅವನ ದೊಡ್ಡ ಹೆಸರಿಗೆ ಕಾರಣ ಅವನ ಲೈನು. ಕಾರ್ಖಾನೆಯಲ್ಲಿ ಶಾಖ ಅಳೆಯುವ ಮೀಟರು, ಮಟ್ಟ ಅಳೆಯುವ ಮೀಟರು, ವಾಲ್ವು, ಪಂಪು ಎಲ್ಲವೂ ಕಂಟ್ರೋಲ್ ರೂಮಿನ ಜೊತೆ ಮಾತಾಡಬೇಕಲ್ಲ. ಹೇಗೆ ಮಾತಾಡಬೇಕು ಅನ್ನುವುದಕ್ಕೆ ಒಂದು ಕಟ್ಟಳೆ ಬೇಕು. ಲೀಲ್ಯಾಂಡ್ ಹಾಕಿದ್ದು ಹಳೇ ಮಾಡ್‌ಬಸ್. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಒಂದೇ ವೈರು, ಅದಕ್ಕೆ ಸಾಲಾಗಿ ಮೀಟರುಗಳು. ಕಂಟ್ರೋಲ್ ರೂಮಿನ ಯಂತ್ರ ಶಾಲೆಯ ಮೇಷ್ಟ್ರು ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ಕರೆಯುತ್ತದೆ. ಕರೆದವರು ಮಾತ್ರ ಉತ್ತರ ಕೊಡಬೇಕು, ಮಿಕ್ಕವರು ತೆಪ್ಪಗಿರಬೇಕು. ಇನ್ನೊಂದು ನಿಯಮ, ವೈರಿನ ಎರಡೂ ತುದಿಗೆ ಒಂದು ಪುಟ್ಟ ರೆಸಿಸ್ಟರ್ ಹಾಕಿ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ ಮಾತು ತುದಿಗೆ ಬಡಿದು ಪ್ರತಿಧ್ವನಿಯಾಗಿ ಹಿಂದಕ್ಕೆ ಬಂದು ಎಲ್ಲ ಗೋಜಲಾಗುತ್ತದೆ. ‘ವೈರನ್ನ ಬಾಯಿ ಬಿಟ್ಕೊಂಡು ಬಿಡ್ಬೇಡಿ’ ಅಂತ ಲೀಲ್ಯಾಂಡ್ ಎಲ್ಲರಿಗೂ ಹೇಳಿಕೊಟ್ಟಿದ್ದ. ನಮ್ಮ ಶಾಪಿನಲ್ಲಿ ತುದಿ ತೆರೆದ ವೈರು ಕಂಡರೆ ಯಾರ ಕೈಯೂ ಸುಮ್ಮನಿರುತ್ತಿರಲಿಲ್ಲ.

ಚೆನ್ನಾಗಿಯೇ ನಡೆಯುತ್ತಿತ್ತು, ಇಲ್ಲ ಅನ್ನಲಾರೆ. ಆದರೆ ಪ್ರತಿ ಹಂಗಾಮಿಗೂ ಹೊಸ ಮೀಟರು ತಂದು ಆ ಹಗ್ಗದ ಬಾಲಕ್ಕೆ ಕಟ್ಟಿದರು. ಹಾಜರಿ ಉದ್ದವಾಯಿತು. ಬೀಟ್ ರಸ ಕುದಿಸುವ ದೊಡ್ಡ ಇವಾಪರೇಟರುಗಳ ಸರದಿ ಬರುವ ಹೊತ್ತಿಗೆ ರಸ ಉಕ್ಕಿಹೋಗಿರುತ್ತಿತ್ತು. ಒಂದು ಚಳಿಗಾಲ ಹಾಗೇ ಉಕ್ಕಿದ ರಸ ಬಾಯ್ಲರ್ ನೀರಿಗೆ ಸೇರಿತು. ಬಾಯ್ಲರಿಗೆ ಸಕ್ಕರೆ ಹೋದರೆ ಏನಾಗುತ್ತದೆ ಅಂತ ಸಕ್ಕರೆ ಕಾರ್ಖಾನೆ ಇರುವ ಊರಿನವರಿಗೆ ಹೇಳಬೇಕಾಗಿಲ್ಲ. ಸುಟ್ಟ ವಾಸನೆ ಊರೆಲ್ಲ ಹರಡಿತು, ಕಾರ್ಖಾನೆ ನಿಂತಿತು, ಹೊರಗೆ ಗಡ್ಡೆಯ ರಾಶಿ ಕಾಯುತ್ತ ಬಿದ್ದಿತು.

ಆಗ ಮ್ಯಾನೇಜರ್ ಡ್ವೈಟ್ ಕ್ಲೂವರ್ ನಮ್ಮಿಬ್ಬರನ್ನೂ ಕರೆಸಿದ. “ಹೊಸ ಇವಾಪರೇಟರ್ ಬರ್ತಿದೆ. ಲೀಲ್ಯಾಂಡ್ ಲೈನನ್ನೇ ಬೆಳೆಸೋಣವಾ, ಬೇರೆ ಏನಾದ್ರೂ ಹಾಕೋಣವಾ?” ಅಂದ.

“ಈಥರ್ನೆಟ್ ಹಾಕೋಣ” ಅಂದೆ ನಾನು, ಅವನ ಮಾತು ಮುಗಿಯುವುದಕ್ಕೂ ಬಿಡದೆ. “ಒಂದೊಂದು ಮೀಟರಿಗೂ ಅದರದೇ ವೈರು, ಎಲ್ಲಾ ಬಂದು ಒಂದು ಪೆಟ್ಟಿಗೆಗೆ ಸೇರುತ್ತೆ. ಯಾರಿಗೂ ಸರದಿ ಕಾಯೋ ಕೆಲಸ ಇಲ್ಲ. ಉಕ್ಕೋಕೆ ಮುಂಚೇನೇ ಗೊತ್ತಾಗುತ್ತೆ.”

ಲೀಲ್ಯಾಂಡ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ಸಂತೆ ಆಗುತ್ತೆ. ಲೈನನ್ನ ಎರಡು ತುಂಡು ಮಾಡಿದ್ರೆ ಸಾಕು” ಅಂದ.

ಡ್ವೈಟ್ ಇಬ್ಬರ ಮುಖವನ್ನೂ ನೋಡಿದ. ಹಂಗಾಮಿಗೆ ಮುಂಚೆ ಕಾರ್ಖಾನೆಯಲ್ಲಿ ಬರೀ ನೀರು ಹರಿಸಿ ನೋಡುವುದು ಪದ್ಧತಿ. ಆಗ ಇವಾಪರೇಟರುಗಳ ಮೇಲೆ ನನ್ನದನ್ನು ಹಾಕಿ ಪರೀಕ್ಷೆ ಮಾಡುವುದು, ಗೆದ್ದರೆ ಇಡೀ ಕಾರ್ಖಾನೆಗೆ ಅದೇ, ಅದರ ಮೇಸ್ತ್ರಿಣಿ ನಾನೇ. ಸೋತರೆ ಲೀಲ್ಯಾಂಡ್ ಲೈನೇ ಮುಂದುವರಿಯುವುದು ಅಂತ ತೀರ್ಮಾನವಾಯಿತು. ನನಗೆ ಸಂಬಳ ಏರುವುದು ಬೇಕಿರಲಿಲ್ಲ. ಆ ಕಾರ್ಖಾನೆಯಲ್ಲಿ ಒಂದೇ ಒಂದು ವಸ್ತುವನ್ನು ತೋರಿಸಿ ಜನ ‘ಇದು ಮಾರ್ಲಿಸ್ ಹಾಕಿದ್ದು’ ಅನ್ನಬೇಕಿತ್ತು. ಅಷ್ಟೇ ಆಸೆ. ಅದಕ್ಕಾಗಿ ಆ ಬೇಸಿಗೆಯಿಡೀ ಒದ್ದಾಡಿದೆ.

ಭಾನುವಾರ ಅಮ್ಮನ ಮನೆಯ ಊಟದಲ್ಲೂ ಅದೇ ಮಾತು. ಅಕ್ಕ ಲೆಫ್ಸೆ ರೊಟ್ಟಿ ಮಡಚುತ್ತ ಕೇಳಿದಳು, “ಅಲ್ಲಾ, ನಿಮ್ಮ ಲೈನಿಗೂ ಇವಳದಕ್ಕೂ ಏನ್ರೀ ವ್ಯತ್ಯಾಸ?”

“ನನ್ನದರಲ್ಲಿ ಕರೆದಾಗ ಮಾತ್ರ ಮಾತಾಡ್ಬೇಕು. ಅವಳದರಲ್ಲಿ ಯಾರು ಯಾವಾಗ ಬೇಕಾದ್ರೂ ಬಾಯಿ ಹಾಕ್ಬಹುದು” ಅಂದ ಲೀಲ್ಯಾಂಡ್.

ಅಮ್ಮ ಆಲೂಗಡ್ಡೆ ಬಡಿಸುತ್ತಿದ್ದವಳು ಪಕಪಕ ನಕ್ಕಳು. “ಮತ್ತೆ ಮಾರ್ಲಿಸ್ ಅದನ್ನೇ ಆರಿಸ್ಕೊಂಡಿರೋದ್ರಲ್ಲಿ ಆಶ್ಚರ್ಯ ಏನು! ಚಿಕ್ಕವಳಿದ್ದಾಗ್ಲಿಂದ ಇವಳಿಗೆ ಕರೆಯೋವರೆಗೂ ಕಾಯೋ ಅಭ್ಯಾಸ ಎಲ್ಲಿತ್ತು?”

ಮೂವರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಡಿದುಕೊಂಡು.

ಆ ಬೇಸಿಗೆ ಕಂಪನಿ ನಮ್ಮಿಬ್ಬರನ್ನೂ ಫಾರ್ಗೋ ನಗರಕ್ಕೆ ಈಥರ್ನೆಟ್ ಪಾಠ ಕಲಿಯಲು ಕಳಿಸಿತು. ನಾನು ಮುಂದಿನ ಬೆಂಚು, ಅವನು ಹಿಂದಿನದರಲ್ಲಿ ಕಣ್ಣು ಮುಚ್ಚಿ, ಎದೆಗೆ ಗಲ್ಲ ಆನಿಸಿ. ಪಾಠ ಹೇಳುವವನು ಒಂದು ಮಾತನ್ನು ಒತ್ತಿ ಹೇಳಿದ: ಒಂದೇ ವೈರಿನ ಎರಡೂ ತುದಿಯನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಬಾರದು, ಸಿಕ್ಕಿಸಿದರೆ ಒಂದು ಮಾತು ಅಲ್ಲೇ ಗಿರಗಿರ ಸುತ್ತಿ ಸಾವಿರವಾಗಿ ಎಲ್ಲರ ಬಾಯಿ ಕಟ್ಟಿಹೋಗುತ್ತದೆ. ಅಂಥ ಸುತ್ತನ್ನು ತಾನೇ ಪತ್ತೆಹಚ್ಚಿ ಕಡಿದುಹಾಕುವ ಒಳ್ಳೇ ಪೆಟ್ಟಿಗೆಗಳೂ ಇವೆ. ನಾನು ಅವನ್ನೇ ಕೇಳಿದೆ. ಪರೀಕ್ಷೆಗೆ ತಾನೇ, ಸಾದಾ ಪೆಟ್ಟಿಗೆ ಸಾಕು ಅಂತ ಲೀಲ್ಯಾಂಡ್ ಡ್ವೈಟ್‌ಗೆ ಹೇಳಿದ. ಲೀಲ್ಯಾಂಡ್ ಹೇಳಿದ ಮೇಲೆ ಮುಗಿಯಿತು. ಸಾದಾ ಪೆಟ್ಟಿಗೆಯೇ ಬಂತು.

ನೀರು ಹರಿಸುವ ದಿನ ಬೆಳಿಗ್ಗೆ ಇವಾಪರೇಟರ್ ನೋಡಿಕೊಳ್ಳುವ ಎಲ್ಡನ್ ಪ್ರಿಬಿಲ್ ಕಂಟ್ರೋಲ್ ರೂಮಿನ ಕಂಪ್ಯೂಟರ್ ತೆರೆಯ ಮುಂದೆ ನಿಂತಿದ್ದ. ನೀರಿನ ಮಟ್ಟ ಕೂದಲೆಳೆಯಷ್ಟು ಅಲುಗಿದರೂ ತೆರೆಯ ಮೇಲೆ ಕಾಣುತ್ತಿತ್ತು. “ಅಯ್ಯಯ್ಯೋ ಮಾರ್ಲಿಸ್, ಬಾರೇ ಇಲ್ಲಿ!” ಅಂತ ಕೂಗಿದ. “ಈಗಿಂದೀಗ್ಲೇ ಕಾಣುತ್ತಲ್ಲೇ ಇದು! ಇಷ್ಟು ವರ್ಷ ನಾವು ಕುರುಡರ ಹಂಗೆ ಕೂತಿದ್ವಿ ಕಣೇ!” ಬಾಗಿಲಲ್ಲಿ ಲೀಲ್ಯಾಂಡ್ ನಿಂತಿದ್ದ. ಅವನಿಗೂ ಕೇಳಿಸಿತು ಅಂತ ನನಗೆ ಎಷ್ಟು ಖುಷಿ! ಅವನು ಎಂದಿನ ಹಾಗೆ ಪೆಟ್ಟಿಗೆಗಳನ್ನು ನೋಡಿಕೊಂಡು ಬರಲು ಹೋದ.

ಸ್ವಲ್ಪ ಹೊತ್ತಿಗೆ ತೆರೆಗಳೆಲ್ಲ ಕಲ್ಲಾದವು. ಒಂದು ಅಂಕಿಯೂ ಅಲುಗಲಿಲ್ಲ. ವಾಲ್ವುಗಳು ಯಾರ ಮಾತೂ ಕೇಳಲಿಲ್ಲ. ಮೇಲಿನ ಅಂತಸ್ತಿನಿಂದ ಬಿಸಿನೀರು ಉಕ್ಕಿ ಮೆಟ್ಟಿಲ ಮೇಲೆ ಧೋ ಅಂತ ಇಳಿದು ಬಂತು, ಕೆಳಗೆ ನಿಂತಿದ್ದ ಡ್ವೈಟ್‌ನ ಬೂಟು ತುಂಬಿತು. ಪಂಪು ನಿಲ್ಲಿಸಿದರು. ಡ್ವೈಟ್ ಬೂಟು ಕಳಚಿ ನೀರು ಸುರಿದ, ನನ್ನ ಕಡೆ ನೋಡಲೂ ಇಲ್ಲ. “ಸಾಕು. ಊಟ ಆದ್ಮೇಲೆ ಕಾಫಿ ರೂಮಿಗೆ ಬನ್ನಿ. ಹಳೇ ಲೈನೇ ಇರಲಿ” ಅಂದ.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲರೂ ಊಟಕ್ಕೆ ಹೋದರು. ನಾನು ಒಂದೊಂದೇ ಪೆಟ್ಟಿಗೆ ತೆಗೆದು ನೋಡುತ್ತ ಹೋದೆ. ಇವಾಪರೇಟರ್ ಪಕ್ಕದ್ದನ್ನು ತೆಗೆದಾಗ ಅದರ ದೀಪಗಳೆಲ್ಲ ಹುಚ್ಚು ಹಿಡಿದ ಹಾಗೆ ಮಿಣಮಿಣ ಅನ್ನುತ್ತಿದ್ದವು. ನನ್ನ ಲ್ಯಾಪ್‌ಟಾಪ್ ಸಿಕ್ಕಿಸಲು ಅಂತ ಒಂದು ತುಂಡು ವೈರು ಬಿಟ್ಟಿದ್ದೆ. ಒಂದು ತುದಿ ಪೆಟ್ಟಿಗೆಯಲ್ಲಿ, ಇನ್ನೊಂದು ಗಾಳಿಯಲ್ಲಿ. ಈಗ ಆ ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯ ಖಾಲಿ ತೂತಿನಲ್ಲಿತ್ತು. ಮಿಕ್ಕ ವೈರನ್ನು ನೀಟಾಗಿ ಸುತ್ತಿ ಕಟ್ಟಲಾಗಿತ್ತು. ಮೇಣದ ದಾರ. ಆ ಗಂಟು.

ನನಗಾದ ಸಂತೋಷವನ್ನು ಹೇಗೆ ಹೇಳಲಿ! ನನ್ನ ಈಥರ್ನೆಟ್ ಉಳಿಯಿತು ಅಂತಲ್ಲ. ಲೀಲ್ಯಾಂಡ್ ತಪ್ಪು ಮಾಡಿದ್ದ! ಸಾಕ್ಷಿ ನನ್ನ ಕೈಯಲ್ಲಿತ್ತು! ವೈರನ್ನು ಗಂಟಿನ ಸಮೇತ ಕಿತ್ತುಕೊಂಡು ಮೆಟ್ಟಿಲುಗಳನ್ನು ಹುಡುಗಿಯ ಹಾಗೆ ಹಾರಿ ಇಳಿದೆ. ಏನೇನು ಅನ್ನಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಕಾಫಿ ರೂಮಿನಲ್ಲಿ ಡ್ವೈಟ್, ಎಲ್ಡನ್, ಶಾಪಿನವರೆಲ್ಲ ಕೂತಿದ್ದರು. ಲೀಲ್ಯಾಂಡ್ ಕಿಟಕಿಯ ಹತ್ತಿರ. ವೈರನ್ನು ಮೇಜಿನ ಮೇಲೆ ಎಸೆದೆ. “ಇದೇ ಬಾಯಿ ಕಟ್ಟಿಸಿದ್ದು. ಎರಡೂ ತುದಿ ಒಂದೇ ಪೆಟ್ಟಿಗೆಯಲ್ಲಿತ್ತು. ಇದು ಯಾರ ಗಂಟು ಅಂತ ಹೇಳ್ಬೇಕಾ?”

ಲೀಲ್ಯಾಂಡ್ ಎದ್ದು ಬಂದು ನೋಡಿದ.

“ನನ್ನದೇ. ಸುತ್ತು ಹೋಗ್ತಾ ಕಾಣಿಸ್ತು, ಬಾಯಿ ಬಿಟ್ಕೊಂಡು ನೇತಾಡ್ತಿತ್ತು. ಕೈ ತಾನೇ ಹೋಗಿ ಸಿಕ್ಕಿಸಿಬಿಡ್ತು” ಅಂದ. ಆಮೇಲೆ ಡ್ವೈಟ್ ಕಡೆ ತಿರುಗಿದ. “ಇವಳದು ಕೆಟ್ಟಿಲ್ಲ, ನಾನು ಕೆಡಿಸ್ದೆ. ಇವಳು ಕೇಳಿದ ಒಳ್ಳೇ ಪೆಟ್ಟಿಗೆ ಇದ್ದಿದ್ರೆ ಇದನ್ನ ತಾನೇ ಕಡಿದು ಹಾಕ್ತಿತ್ತು. ಬೇಡ ಅಂದಿದ್ದೂ ನಾನೇ. ನನ್ನ ಲೈನಿಗೆ ವಯಸ್ಸಾಯ್ತು ಡ್ವೈಟ್. ಇವಳದೇ ಹಾಕಿ.”

ಅಷ್ಟು ಮಾತು ಒಟ್ಟಿಗೆ ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ಎಲ್ಡನ್ ಅಂದ, “ನಾವ್ಯಾರಾದ್ರೂ ಹಂಗೇ ಮಾಡ್ತಿದ್ವಿ ಬಿಡಪ್ಪ. ನೇತಾಡೋ ವೈರು ಕಂಡ್ರೆ ನನ್ನ ಕೈನೂ ಸುಮ್ನಿರಲ್ಲ. ನೀನೇ ಕಲಿಸಿದ್ದಲ್ವಾ?” ಇನ್ನೊಬ್ಬ, “ಇವಳು ಯಾಕೆ ನೇತಾಡೋಕೆ ಬಿಟ್ಲು?” ಅಂದ. ಡ್ವೈಟ್ ಎದ್ದು ಲೀಲ್ಯಾಂಡ್‌ನ ಕೈ ಕುಲುಕಿದ. ‘ಎಂಥಾ ಮನುಷ್ಯ!’ ಅಂತ ಒಬ್ಬರಾದ ಮೇಲೊಬ್ಬರು ಅವನ ಬೆನ್ನು ತಟ್ಟಿದರು. ಒಳ್ಳೇ ಪೆಟ್ಟಿಗೆ ತರಿಸಿ ಇನ್ನೊಮ್ಮೆ ನೀರು ಹರಿಸುವುದು, ಇಡೀ ಕಾರ್ಖಾನೆಗೆ ನನ್ನದೇ ಅಂತ ಆಯಿತು. ಗೆದ್ದವಳು ನಾನು. ಬಾಗಿಲ ಹತ್ತಿರ ಖಾಲಿ ಕೈಯಲ್ಲಿ ನಿಂತಿದ್ದವಳೂ ನಾನು. ಥೂ, ಆ ಗೆಲುವಿಗಿಷ್ಟು ಬೆಂಕಿ ಹಾಕ.

ಸಂಜೆ ಪಾಳಿ ಬಿಟ್ಟ ಮೇಲೆ ಅವನು ಗಡ್ಡೆ ರಾಶಿ ಹಾಕುವ ಖಾಲಿ ಅಂಗಳದ ಕಡೆಯಿಂದ ತನ್ನ ಪಿಕಪ್‌ಗೆ ನಡೆಯುತ್ತಿದ್ದ. ಓಡಿ ಹೋಗಿ ಅಡ್ಡ ನಿಂತೆ.

“ಭಾವ, ನಿಮ್ಮ ದಾನ ನನಗೆ ಬೇಡ.”

“ಯಾವ ದಾನ?”

“ಇವತ್ತು ಕೊಟ್ರಲ್ಲ, ಅದು. ಜಗಳ ಆಡಿ ಗೆಲ್ಲೋಕೆ ಬಂದೆ. ಅದನ್ನೂ ಬಿಡ್ಲಿಲ್ಲ ನೀವು. ಕೆಲಸ ಕೊಟ್ರಿ, ಗೆಲುವೂ ಕೊಟ್ರಿ. ನಾನು ಬದುಕಿರೋವರೆಗೂ ನಿಮ್ಮ ಕೈಯಿಂದ ಇಸ್ಕೊಂಡೇ ತಿನ್ಬೇಕಾ? ನಿಮ್ಮಂಥ ಒಳ್ಳೆಯವರನ್ನ ನೋಡಿ ನೋಡಿ ನನಗೆ ಸಾಕಾಗಿಹೋಗಿದೆ!” ಅಂದೆ. ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

ಅವನು ಪಿಕಪ್ ಬಾಗಿಲಿಗೆ ಕೈ ಹಾಕಿದ. ಹೊರಟೇಹೋಗುತ್ತಾನೆ ಅಂದುಕೊಂಡೆ.

“ದಾನ ಅಲ್ಲ ಕಣಮ್ಮ. ಕೈ ತಾನೇ ಹೋಯ್ತು ಅಂದೆನಲ್ಲ, ಅದು ಸುಳ್ಳು. ಗೊತ್ತಿದ್ದೇ ಸಿಕ್ಕಿಸ್ದೆ.”

“ಏನಂದ್ರಿ?”

“ಗೊತ್ತಿದ್ದೇ. ಫಾರ್ಗೋದಲ್ಲಿ ಹೇಳಿದ್ನಲ್ಲ ಆ ಮೇಷ್ಟ್ರು.”

“ನೀವು ನಿದ್ದೆ ಹೊಡೀತಿದ್ರಿ!”

“ಕಣ್ಣು ಮುಚ್ಕೊಂಡಿದ್ದೆ. ಅವನು ಹೇಳೋದು ಒಂದೂ ತಲೆಗೆ ಹೋಗ್ತಿರ್ಲಿಲ್ಲ. ನಿನಗೆಲ್ಲಾ ಅರ್ಥ ಆಗ್ತಿತ್ತು. ನನ್ನ ಮುಖದಲ್ಲಿ ಅದು ನಿನಗೆ ಕಾಣ್ಬಾರ್ದು ಅಂತ. ಆ ಒಂದು ಮಾತು ಮಾತ್ರ ನೆಟ್ಟಗೆ ತಲೆಗೆ ಹೋಯ್ತು.” ನೆಲ ನೋಡುತ್ತ ಹೇಳಿದ. “ಬೆಳಿಗ್ಗೆ ಎಲ್ಡನ್ ಕೂಗಿದ್ನಲ್ಲ, ಕುರುಡರ ಹಂಗೆ ಕೂತಿದ್ವಿ ಅಂತ. ಅಷ್ಟು ವರ್ಷ ನನ್ನ ಲೈನ್ ನೋಡಿ ಒಬ್ಬನೂ ಹಂಗೆ ಕೂಗಿರ್ಲಿಲ್ಲ ಮಾರ್ಲಿಸ್. ಹೊಟ್ಟೆ ಉರಿದುಹೋಯ್ತು. ನೇರ ಹೋಗಿ ಸಿಕ್ಕಿಸ್ದೆ.”

ಆಗ ನಾನು ಕೇಳಿದ್ದು ಒಂದು ಪೆದ್ದು ಪ್ರಶ್ನೆ. “ಮತ್ತೆ ದಾರ ಯಾಕೆ ಕಟ್ಟಿದ್ರಿ? ಸುಮ್ನೆ ಸಿಕ್ಕಿಸಿ ಬಂದಿದ್ರೆ ಯಾರು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಕಟ್ಟಿದ್ದು ನನಗೇ ಗೊತ್ತಿಲ್ಲ” ಅಂದ. “ಅದೊಂದು ಮಾತ್ರ ಕೈ ತಾನೇ ಮಾಡಿದ್ದು.”

ಪಿಕಪ್ ಹತ್ತಿ ಕೂತು ಕಿಟಕಿ ಇಳಿಸಿದ. “ಯಾರಿಗೆ ಬೇಕಾದ್ರೂ ಹೇಳು. ಡ್ವೈಟ್‌ಗೂ ಹೇಳು. ನಾನು ಇಲ್ಲ ಅನ್ನಲ್ಲ” ಅಂದು ಹೊರಟುಹೋದ.

ಅವನು ಇಲ್ಲ ಅನ್ನುತ್ತಿರಲಿಲ್ಲ, ನಿಜ. ಆ ವಾರವಿಡೀ ನಾನು ಅದೊಂದನ್ನೇ ಬಾಯಲ್ಲಿಟ್ಟುಕೊಂಡು ಓಡಾಡಿದೆ. ಡ್ವೈಟ್ ಎದುರಾದಾಗ ನಾಲಿಗೆ ತುದಿಗೆ ಬಂತು. ಎಲ್ಡನ್ ಎದುರಾದಾಗಲೂ ಬಂತು. ಒಂದೇ ಮಾತು ಸಾಕಿತ್ತು, ಅಷ್ಟು ವರ್ಷ ನನ್ನ ಎದೆ ಮೇಲೆ ಕೂತಿದ್ದ ಒಳ್ಳೆಯತನ ದಢಕ್ಕನೆ ಕೆಳಗುರುಳುತ್ತಿತ್ತು. ಇಂಥ ವಿಷಯವನ್ನು ಊರಲ್ಲಿ ಮೊದಲು ಯಾರ ಕಿವಿಗೆ ಹಾಕಬೇಕು ಅಂತ ಯೋಚಿಸಿದೆ. ಅಮ್ಮನಿಗೇ ಹೇಳಬೇಕು, ಎಲ್ಲರ ಮುಂದೆ, ಭಾನುವಾರ.

ಭಾನುವಾರ ಬಂತು. ನಾವು ನಾಲ್ವರೂ ಮೇಜಿಗೆ ಕೂತೆವು. ಸುದ್ದಿ ಆಗಲೇ, ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ, ಅಮ್ಮನಿಗೆ ತಲುಪಿತ್ತು.

“ಕೇಳಿದೆ ಕಣೋ ಲೀಲ್ಯಾಂಡ್” ಅಂದಳು, ಧ್ವನಿ ಒದ್ದೆಯಾಗಿತ್ತು. “ನಾದಿನಿ ಚೆನ್ನಾಗಿರ್ಲಿ ಅಂತ ತಪ್ಪು ತಲೆ ಮೇಲೆ ಹೊತ್ಕೊಂಡು ನಿನ್ನ ಲೈನನ್ನೇ ಬಿಟ್ಟುಕೊಟ್ಟೆಯಂತೆ.” ನನ್ನ ಕಡೆ ತಿರುಗಿದಳು. “ನಿನಗೆ ಇವನ ಗುಣದಲ್ಲಿ ಉಗುರಿನಷ್ಟಾದ್ರೂ ಬರ್ಲಿಲ್ವಲ್ಲೇ!”

ಸಿಗ್ನೆ ಗಂಡನ ಮುಖವನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಲೀಲ್ಯಾಂಡ್‌ನ ಫೋರ್ಕು ತಟ್ಟೆಯ ಮೇಲೆ ನಿಂತುಬಿಟ್ಟಿತ್ತು. ಅವನು ನನ್ನನ್ನು ನೋಡಿದ. ಬೇಡ ಅನ್ನಲಿಲ್ಲ, ಬೇಡಿಕೊಳ್ಳಲಿಲ್ಲ. ನಾನು ಹೇಳದಿದ್ದರೆ ತಾನೇ ಹೇಳಿಬಿಡುವವನ ಹಾಗೆ ಬಾಯಿ ತೆರೆದ.

“ಹೌದಮ್ಮ” ಅಂದೆ ನಾನು, ಅವನಿಗಿಂತ ಮುಂಚೆ. “ಭಾವನಂಥೋರು ಹುಡುಕಿದ್ರೂ ಸಿಗಲ್ಲ.”

ಅವನು ಬಾಯಿ ಮುಚ್ಚಿದ. ತಲೆ ತಗ್ಗಿಸಿ ಉಂಡ.

ಕರುಣೆಯಿಂದ ಅಂದೆ ಅಂದುಕೊಳ್ಳಬೇಡಿ, ನನಗೆ ಅದೆಲ್ಲ ಬರುವುದಿಲ್ಲ. ಬಾಯಿ ತೆರೆಯುವ ಹೊತ್ತಿಗೆ ಲೆಕ್ಕ ಹಾಕಿಬಿಟ್ಟಿದ್ದೆ. ನಾನು ಹೇಳಿದ್ದರೆ ಲೀಲ್ಯಾಂಡ್ ಎಲ್ಲರ ಹಾಗೆ ಒಬ್ಬ ಸಾಮಾನ್ಯ ಮನುಷ್ಯನಾಗಿಬಿಡುತ್ತಿದ್ದ. ಸಾಮಾನ್ಯರು ಯಾರ್ಯಾರ ಮೇಲೋ ಹೊಟ್ಟೆಕಿಚ್ಚು ಪಡುತ್ತಾರೆ, ಅದರಲ್ಲಿ ನನಗೇನು ದೊಡ್ಡಸ್ತಿಕೆ? ಊರೇ ತಲೆ ಮೇಲೆ ಹೊತ್ತುಕೊಂಡಿದ್ದ ಮನುಷ್ಯ ನನ್ನನ್ನು ನೋಡಿ ಉರಿದುಕೊಂಡಿದ್ದ. ನನಗೆ ಅದಕ್ಕಿಂತ ದೊಡ್ಡ ಬಿರುದನ್ನು ಯಾರೂ ಕೊಟ್ಟಿಲ್ಲ. ಅದರ ಬೆಲೆ ಉಳಿಯಬೇಕಾದರೆ ಅವನು ಅಷ್ಟೇ ಎತ್ತರದಲ್ಲಿ ಇರಬೇಕಿತ್ತು. ಇಟ್ಟೆ. ಅವನು ಸಾಯುವವರೆಗೂ ಊರಲ್ಲಿ ಅವನನ್ನು ನನಗಿಂತ ಹೆಚ್ಚು ಹೊಗಳಿದವರು ಯಾರೂ ಇಲ್ಲ.